ಹಳದಿ ಕೊಳವೆಗೆ ಸುತ್ತಿದ ನೂಲು

ಅಂಜಿನಮ್ಮನ ಬಾಯಿಗೆ ನಮ್ಮ ಬೀದಿಯೇ ಹೆದರುತ್ತದೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗಗಳು ಬಡಿಯುವಾಗ ಕಿರುಚದೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ, ಒಪ್ಪಿದೆ. ಆದರೆ ಈಕೆ ಮಗ್ಗ ನಿಂತಾಗಲೂ ಅಷ್ಟೇ ಜೋರು. ಚರಂಡಿ ಪೈಪು ಕಟ್ಟಿಕೊಂಡು ಬಚ್ಚಲು ನಾರತೊಡಗಿದ ಮೇಲೆ ಗಂಡ ಕೋದಂಡರಾಮಯ್ಯನ ತಲೆ ತಿಂದುಬಿಟ್ಟಳು.

ಪಾಪ, ಆತ ಬಾಯಿ ಸತ್ತ ಮನುಷ್ಯ. ಗುರುವಾರ ಮನೆ ಮುಂದೆ ತಾನೇ ಅಗೆದು, ಚರಂಡಿ ಪೈಪಿನ ಜೋಡಣೆ ಬಿಚ್ಚಿದ. ಅಷ್ಟರಲ್ಲಿ ಹಾರೆ ಪಕ್ಕದ ಹಳದಿ ಕೊಳವೆಗೆ ತಗುಲಿ ಅದು ಸೀಳಿಹೋಯಿತು. ನೀರು ಚಿಮ್ಮಲಿಲ್ಲ, ಮಗ್ಗಗಳ ಸದ್ದಿನಲ್ಲಿ ಬೇರೇನೂ ಕೇಳಿಸಲೂ ಇಲ್ಲ. ನಮ್ಮಲ್ಲಿ ನಲ್ಲಿಗೆ ನೀರು ಬರುವುದು ದಿನ ಬಿಟ್ಟು ದಿನ. ಅಂದು ನೀರಿಲ್ಲದ ದಿನವಾದ್ದರಿಂದ ನಲ್ಲಿಯ ಕೊಳವೆಯೇ ಇರಬೇಕೆಂದು ತಿಳಿದ. ನೇಕಾರನ ಕೈ ಸುಮ್ಮನಿರುತ್ತದೆಯೇ? ರೇಷ್ಮೆ ನೂಲಿನ ತುಂಡುಗಳನ್ನು ಹೊಸೆದು ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಬೈಗುಳಕ್ಕೆ ಹೆದರಿ ಹೆಂಡತಿಗೆ ಹೇಳಲಿಲ್ಲ. ಗುಂಡಿಗೆ ಗೋಣಿಚೀಲ ಮುಚ್ಚಿ ಒಳಗೆ ಬಂದ.

ಅದು ಬೀದಿಯಡಿ ಹಾಯುವ ಅಡುಗೆ ಅನಿಲದ ಕೊಳವೆ. ನಲ್ಲಿಯ ನೀರು ಬಿಟ್ಟಾಗ ಮಾತ್ರ ಬರುತ್ತದೆ, ಕೊಳಚೆ ಇಳಿಜಾರು ನೋಡಿಕೊಂಡು ತಾನೇ ಹರಿಯುತ್ತದೆ. ಅನಿಲ ಹಾಗಲ್ಲ, ಹಗಲಿರುಳು ಒತ್ತಡದಲ್ಲೇ ಇರುತ್ತದೆ. ಮೂರಕ್ಕೂ ದಾರಿ ಬೇರೆ ಬೇರೆ. ಆದರೆ ಆ ಗುಂಡಿಯಲ್ಲಿ ಚರಂಡಿ ಪೈಪಿನ ಬಾಯಿ ತೆರೆದೇ ಇತ್ತು. ಗೋಣಿಚೀಲದಡಿ ಸೋರಿದ ಅನಿಲ ಅದರೊಳಗೆ ನುಗ್ಗಿ ಬಚ್ಚಲಿಗೆ ಏರತೊಡಗಿತು.

ಶುಕ್ರವಾರ ಸಂಜೆ ಮನೆಯೆಲ್ಲ ಕೆಟ್ಟ ವಾಸನೆ. ಚರಂಡಿಯದೇ ಎಂದು ಎಲ್ಲರೂ ಮೂಗು ಮುಚ್ಚಿಕೊಂಡರು. ಪಡಸಾಲೆಯ ಸೀರೆ ತೊಟ್ಟಿಲಲ್ಲಿ ಮೊಮ್ಮಗ ಮೋಕ್ಷಿತ್ ಮಲಗಿದ್ದ. ಸೊಸೆ ರಂಜಿತ ಹಿತ್ತಲಲ್ಲಿ ತೆಂಗಿನ ಚಿಪ್ಪು ಸುಟ್ಟು ಸಾಂಬ್ರಾಣಿಗೆ ಕೆಂಡ ಮಾಡುತ್ತಿದ್ದಳು.

"ಬಚ್ಚಲಿಗೇ ಮೊದಲು ಹಿಡಿಯೇ, ನಾತ ಹೋಗ್ಲಿ!" ಎಂದು ಅಂಜಿನಮ್ಮ ಕೂಗಿದಳು.

ಆ ಹೊತ್ತಿಗೆ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆಗ ಕೇಳಿಸಿತು, ಬಾಗಿಲಾಚೆಯಿಂದ ಬುಸ್ಸೆನ್ನುವ ಸದ್ದು.

"ಏನ್ರೀ ಅದು?"

ಕೋದಂಡರಾಮಯ್ಯ ತೊದಲಿದ. "ನಿನ್ನೆ ಹಾರೆ ತಗುಲ್ತು. ನೀರಿನ ಪೈಪು ಅಂತ ಕಟ್ಬಿಟ್ಟೆ."

"ಬೆಳಗ್ಗೆ ನಲ್ಲೀಲಿ ನೀರು ಬಂತಲ್ಲ, ಗುಂಡಿ ಒದ್ದೆ ಆಗಿತ್ತಾ?"

"ಇಲ್ಲ ಕಣೆ. ಒಣಗೇ ಇತ್ತು."

ರಂಜಿತ ಕೆಂಡದ ಧೂಪಾರತಿ ಹಿಡಿದು ಹಿತ್ತಲ ಮೆಟ್ಟಿಲು ಹತ್ತುತ್ತಿದ್ದಳು.

"ಅಲ್ಲೇ ನಿಲ್ಲು! ಒಳಗೆ ಕಾಲಿಟ್ರೆ ಜೋಕೆ! ಡ್ರಮ್ಮಿನ ನೀರಿಗೆ ಹಾಕ್ಬಿಡು!"

ಕೆಂಡ ನೀರಿಗೆ ಬಿದ್ದು ಚೊರ್ರೆಂದಿತು. ಆದರೆ ಮಗ್ಗದ ಸ್ವಿಚ್ಚು ಇನ್ನೂ ಆನ್ ಇತ್ತು, ಕರೆಂಟು ಬಂದರೆ ಒಂದು ಕಿಡಿ ಸಾಕು. ಕತ್ತಲಲ್ಲಿ ತಡವರಿಸಿ ಅಂಜಿನಮ್ಮ ಮೇನ್ ಸ್ವಿಚ್ ಇಳಿಸಿದಳು. ಮಗುವನ್ನು ಎದೆಗವಚಿಕೊಂಡು, ಗಂಡನ ರಟ್ಟೆ ಹಿಡಿದು ಬೀದಿಗೆಳೆದಳು. ರಂಜಿತ ಹಿತ್ತಲಿಂದ ಸುತ್ತಿ ಓಡಿಬಂದಳು.

"ಗ್ಯಾಸ್ ಸೋರ್ತಾ ಇದೆ! ಮೇನ್ ಆಫ್ ಮಾಡ್ರೋ! ಬೆಂಕಿ ಕಡ್ಡಿ ಗೀರ್ಬೇಡ್ರೋ!"

ಆ ಬಾಯನ್ನು ಅಂದು ನಾನೂ ಹರಸಿದೆ. ಮನೆ ಮನೆಯವರೂ ಸ್ವಿಚ್ ಇಳಿಸಿ ಓಡಿದೆವು. ಬೀದಿ ತುದಿಗೆ ಹೋಗಿ ಗ್ಯಾಸಿನವರಿಗೆ ಫೋನು ಮಾಡಿದ್ದೂ ಆಯಿತು. ಅವರು ಬಂದು ಬೀದಿಯ ವಾಲ್ವ್ ಮುಚ್ಚುವವರೆಗೆ ಯಾರೂ ಮನೆಯತ್ತ ಹೋಗಲಿಲ್ಲ.

ಗುಂಡಿಯಿಂದ ತೆಗೆದ ಕೊಳವೆಯ ತುಂಡಿನ ಮೇಲೆ ರೇಷ್ಮೆ ನೂಲು ಅಚ್ಚುಕಟ್ಟಾಗಿ ಸುತ್ತಿತ್ತು. ಕೋದಂಡರಾಮಯ್ಯ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ನಾವೂ ಕಾದೆವು. ಅಂಜಿನಮ್ಮ ಅವನನ್ನು ದಾಟಿ ನಡೆದಳು. ನಿದ್ದೆಯಲ್ಲಿದ್ದ ಮೊಮ್ಮಗನನ್ನು ಸೊಸೆಯ ಮಡಿಲಿಗೆ ಹಾಕಿ, ಅವಳ ಪಕ್ಕ ನೆಲದ ಮೇಲೇ ಕೂತಳು.

"ಕೆಂಡ ತಗೊಂಡ್ಬಾ ಅಂದೋಳು ನಾನೇ ಅಲ್ವೇನೇ?" ಎಂದಳು. ಪಕ್ಕದಲ್ಲೇ ಇದ್ದ ನನಗೂ ಆ ದನಿ ಕಿವಿಗೊಟ್ಟಿದ್ದಕ್ಕಷ್ಟೇ ಕೇಳಿಸಿತು.