ಅರವತ್ತಮೂರು ನಂಬರಿನ ಹುಡುಗಿಯ ಅಪ್ಪ

ಅಮೆರಿಕದವರ ಫುಟ್‌ಬಾಲಿನ ವರ್ಷದ ದೊಡ್ಡ ಪಂದ್ಯ ಅಲ್ಲಿ ಭಾನುವಾರ ಸಂಜೆ ನಡೆಯುವಾಗ ಸಿಡ್ನಿಯಲ್ಲಿ ಸೋಮವಾರ ಬೆಳಗಿನ ಕಾಫಿಯ ಹೊತ್ತು. ಆ ಸೋಮವಾರ ಟೂಂಗಾಬಿಯ ಕೀತ್‌ನ ಮನೆಯ ಟಿವಿಯ ಮುಂದೆ ಕೀತ್ ಸೇರಿ ನಾಲ್ವರು ಇಂಗ್ಲಿಷರೂ ಒಬ್ಬ ಮಂಗಳೂರಿನವನೂ ಕುಳಿತಿದ್ದರು. ಎಲ್ಲರೂ ಕೆಲಸದಿಂದ ನಿವೃತ್ತರಾದವರು, ಎಲ್ಲರೂ ಸಾಕರ್ ಹುಚ್ಚಿನವರು. ಇಂಗ್ಲೆಂಡ್ ಬಿಟ್ಟು ಬಂದು ಮೂವತ್ತು ವರ್ಷವಾದರೂ ಹುಟ್ಟಿದೂರಿನ ತಂಡ ಸೋತರೆ ಆ ನಾಲ್ವರಿಗೆ ಊಟ ಸೇರುವುದಿಲ್ಲ. ಮಂಗಳೂರಿನವನ ಹೆಸರು ಲಾನ್ಸಿ ಮೊಂತೇರೊ. ಸಾಕರ್ ವಿಷಯದಲ್ಲಿ ಅವನು ಇಂಗ್ಲಿಷರಿಗಿಂತ ಒಂದು ಕೈ ಹೆಚ್ಚೇ.

ಟಿವಿಯಲ್ಲಿ ಹೆಲ್ಮೆಟ್ ತೊಟ್ಟ ದಾಂಡಿಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. "ಒಂದು ನಿಮಿಷ ಓಡೋದಿಲ್ಲ, ಆಗಲೇ ಮೀಟಿಂಗ್ ಶುರು. ನಮ್ಮ ಕೌನ್ಸಿಲ್ ಆಫೀಸೇ ವಾಸಿ" ಎಂದು ಒಬ್ಬ ಗೊಣಗಿದ. ಇನ್ನೊಬ್ಬ ತಾನು ಬಂದಿರುವುದು ನಡುವೆ ಬರುವ ಹಾಡು ಕುಣಿತಕ್ಕೆ ಎಂದು ಮೊದಲೇ ಹೇಳಿಬಿಟ್ಟಿದ್ದ. ಮೂರನೆಯವನು ಗೇಲಿ ಮಾಡುತ್ತಲೇ ಶುರುಮಾಡಿದವನು ಅರ್ಧ ಆಟವಾಗುವಷ್ಟರಲ್ಲಿ ಸೋಫಾದ ತುದಿಗೆ ಬಂದು, ಅವನು ಬಾಲನ್ನು ಯಾಕೆ ಹಿಂದಕ್ಕೆ ಕೊಟ್ಟ, ಇವನನ್ನು ಯಾಕೆ ಹಿಡಿದರು ಎಂದು ಕೇಳತೊಡಗಿದ. ಉತ್ತರ ಕೊಡುತ್ತಿದ್ದವನು ಕೀತ್. ಜೀವಮಾನವೆಲ್ಲ ಪ್ಲಂಬಿಂಗ್ ಮಾಡಿದ ಈ ಮನುಷ್ಯ ಈ ಆಟದ ರೂಲ್ಸನ್ನು ಯಾವಾಗ ಕಲಿತನೋ ಎಂದು ಲಾನ್ಸಿಗೆ ಆಶ್ಚರ್ಯವಾಯಿತು.

"ಹೆಲ್ಮೆಟ್ ಹಾಕಿ ಮಾಡೋದು ಕಟ್ಟಡದ ಕೆಲಸ. ಅದನ್ನು ಆಟ ಅಂತ ಯಾರು ಹೇಳಿದ್ದು?" ಎಂದ ಲಾನ್ಸಿ.

ಎಲ್ಲರೂ ನಕ್ಕರು. ನಗುತ್ತಲೇ ಹಾಡು ಕುಣಿತದವನು, "ಅಲ್ಲ ಲ್ಯಾನ್ಸ್, ನಿನ್ನ ಮಗಳು ಇದನ್ನೇ ಅಲ್ವಾ ಆಡೋದು?" ಎಂದುಬಿಟ್ಟ. ಅವನಿಗೆ ಪಾಪ ಸಂಗತಿ ಗೊತ್ತಿರಲಿಲ್ಲ. ಲಾನ್ಸಿ ಕಪ್ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದ.

ಸಂಗತಿ ಇಷ್ಟೇ. ಲಾನ್ಸಿ ಮಂಗಳೂರಿನ ಜೆಪ್ಪುವಿನವನು. ಹೆಂಚಿನ ಕಾರ್ಖಾನೆಯ ಪಕ್ಕದ ಬಯಲಿನಲ್ಲಿ ಬರಿಗಾಲಲ್ಲಿ ಗೋಲು ಕಾಯುತ್ತ ಬೆಳೆದವನು. ಹೆಂಡತಿ ಲೂರ್ಡ್ಸ್ ನರ್ಸ್. ಅವಳ ಕೆಲಸದ ಬಲದಲ್ಲಿ ಪಿಆರ್, ಅಂದರೆ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿ ಸಿಡ್ನಿಗೆ ಬಂದಾಗ ಮಗಳು ಲೀಶಾ ಇನ್ನೂ ಕಂಕುಳ ಕೂಸು. ಲಾನ್ಸಿ ಬಸ್ ಓಡಿಸಿದ. ಓಡಿಸಿದ್ದು ಹೊಟ್ಟೆಪಾಡಿಗೆ, ಬದುಕಿದ್ದು ಶನಿವಾರಕ್ಕೆ. ಶನಿವಾರ ಇಗರ್ಜಿಯ ಮೈದಾನದಲ್ಲಿ ಹುಡುಗಿಯರ ಸಾಕರ್ ತಂಡಕ್ಕೆ ಅವನು ಕೋಚ್, ಕೀತ್ ಅವನ ಬಲಗೈ, ಲೀಶಾ ಗೋಲ್‌ಕೀಪರ್. ಮಗಳು ಹಾರಿ ಬಾಲು ಹಿಡಿದಾಗ ಲಾನ್ಸಿಯ ಮುಖ ನೋಡಬೇಕಿತ್ತು. ಹಿಡಿದವಳು ಅವಳು, ಚಪ್ಪಾಳೆಗೆ ತಲೆಬಾಗುತ್ತಿದ್ದವನು ಇವನು.

ತಂಡಕ್ಕೆ ಅವನು ಕಲಿಸಿದ ಮೊದಲ ಪಾಠ ಒಂದೇ. ಯಾರಾದರೂ ಪೆಟ್ಟಾಗಿ ಬಿದ್ದರೆ, ಎದುರು ತಂಡದವಳೇ ಆಗಲಿ, ಬಾಲನ್ನು ಹೊರಗೆ ಒದ್ದು ಆಟ ನಿಲ್ಲಿಸಿ. ಜೆಪ್ಪುವಿನಲ್ಲಿ ಅವನಿಗೂ ಹಾಗೆಯೇ ಕಲಿಸಿದ್ದರು.

ಲೀಶಾಗೆ ಹದಿನೇಳಾದಾಗ ಪೆನ್ರಿತ್‌ನಲ್ಲಿ ಸೆಮಿಫೈನಲ್. ಎದುರು ತಂಡದ ಹುಡುಗಿಯೊಬ್ಬಳು ಗೋಲಿನ ಹತ್ತಿರವೇ ಕಾಲು ಹಿಡಿದುಕೊಂಡು ಬಿದ್ದು ಚೀರಿದಳು. ಲೀಶಾ ಗೋಲು ಬಿಟ್ಟು ಅವಳ ಬಳಿಗೆ ಓಡಿ ಕುಳಿತಳು. ರೆಫರಿ ವಿಶಲ್ ಊದಿರಲಿಲ್ಲ. ಎದುರು ತಂಡದ ಇನ್ನೊಬ್ಬಳು ಒದ್ದ ಬಾಲು ಉರುಳಿಕೊಂಡು ಖಾಲಿ ಗೋಲಿನೊಳಗೆ ಹೋಯಿತು. ತಂಡ ಸೋತಿತು.

ಪೆನ್ರಿತ್‌ನಿಂದ ಟೂಂಗಾಬಿಯವರೆಗೆ ಕಾರಿನಲ್ಲಿ ಲಾನ್ಸಿ ಬಾಯಿ ಮುಚ್ಚಲಿಲ್ಲ. ಹಿಂದಿನ ಸೀಟಿನಿಂದ ಲೀಶಾ ಒಂದೇ ಮಾತು ಕೇಳಿದಳು: "ನೀವೇ ಅಲ್ವಾ ಪಪ್ಪ ಹೇಳಿಕೊಟ್ಟದ್ದು?"

"ಹೇಳಿಕೊಟ್ಟದ್ದು ಪ್ರಾಕ್ಟೀಸಿಗೆ. ಸೆಮಿಫೈನಲಿಗೆ ಅಲ್ಲ" ಎಂದ ಲಾನ್ಸಿ.

ಆ ಮಾತು ಬಾಯಿಂದ ಬಿದ್ದದ್ದೇ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಲೀಶಾಗೆ. ಎರಡು ವರ್ಷದ ನಂತರ ಒಂದು ದಿನ ಊಟಕ್ಕೆ ಕೂತಾಗ ಅವಳು, ಇನ್ನು ತಾನು ಸಾಕರ್ ಆಡುವುದಿಲ್ಲ, ಗ್ರಿಡೈರನ್ ಆಡುತ್ತೇನೆ ಎಂದಳು. ಅಮೆರಿಕದವರ ಫುಟ್‌ಬಾಲಿಗೆ ಆಸ್ಟ್ರೇಲಿಯಾದಲ್ಲಿ ಹೇಳುವುದು ಹಾಗೆ. ಲೂರ್ಡ್ಸ್ ಕಣ್ಸನ್ನೆ ಮಾಡುತ್ತಿದ್ದರೂ ಲಾನ್ಸಿ ತಡೆಯಲಿಲ್ಲ. "ಅದು ಫುಟ್‌ಬಾಲ್ ಅಲ್ಲ. ಆ ಹೆಲ್ಮೆಟ್ ತಲೆಗೆ ಏರಿಸಿದರೆ ನನಗೆ ಮುಖ ತೋರಿಸಬೇಡ" ಎಂದ.

ಅಪ್ಪನಿಗೆ ತಕ್ಕ ಮಗಳು. ಓದು ಮುಗಿದದ್ದೇ ಮೆಲ್ಬರ್ನ್‌ನಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ ಹಿಡಿದು ವಿಂಡಮ್ ವೇಲ್‌ನಲ್ಲಿ ಮನೆ ರೆಂಟಿಗೆ ಪಡೆದಳು. ಆಮೇಲೆ ನಾಲ್ಕು ವರ್ಷ ಟೂಂಗಾಬಿಗೆ ಬರಲಿಲ್ಲ. ಫೋನ್ ಮಾಡಿದರೆ ಅಮ್ಮನ ಜೊತೆ ಮಾತು. ಲೂರ್ಡ್ಸ್ ಬಲವಂತವಾಗಿ ಫೋನನ್ನು ಗಂಡನ ಕಿವಿಗೆ ಹಿಡಿದರೆ ಅವನು "ಊಟ ಆಯ್ತಾ?" ಎನ್ನುವನು, ಅವಳು "ಯೆಸ್" ಎನ್ನುವಳು, ಅಲ್ಲಿಗೆ ಮುಗಿಯಿತು. ಹೆಂಡತಿ ಮಲಗಿದ ಮೇಲೆ ಅವನು ಮಗಳ ಹಳೆಯ ಫೋಟೋಗಳನ್ನು ನೋಡುತ್ತ ಕೂರುತ್ತಿದ್ದ. ಆದರೆ ಹೋಗಿ ನೋಡಲು ಕಾಲು ಏಳಲಿಲ್ಲ. ಹಟ ಎನ್ನುವುದು ಅವನಲ್ಲಿ ಅಷ್ಟಿತ್ತು, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಸೆಪ್ಟೆಂಬರಿನಲ್ಲಿ ಕೀತ್ ಪಾಯಿಂಟ್ ಕುಕ್‌ನಲ್ಲಿರುವ ತನ್ನ ತಂಗಿಯನ್ನು ನೋಡಲು ವ್ಯಾನಿನಲ್ಲಿ ಹೊರಟ. ಜೊತೆಗೆ ಬಾ ಎಂದು ಲಾನ್ಸಿಯನ್ನು ಕರೆದ. ಲೂರ್ಡ್ಸ್ ಏನೂ ಕೇಳದೆ ಒಂದು ಡಬ್ಬಿ ತುಂಬ ಚಕ್ಕುಲಿ ಕಟ್ಟಿ ವ್ಯಾನಿನಲ್ಲಿಟ್ಟಳು. ಕೀತ್‌ನ ತಂಗಿಗೆ ಚಕ್ಕುಲಿ ಯಾಕೆ ಎಂದು ಲಾನ್ಸಿ ಕೇಳಬಹುದಿತ್ತು. ಕೇಳಲಿಲ್ಲ. ಆಲ್ಬರಿ ದಾಟಿದ ಮೇಲೆ ಕೀತ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ನಾಳೆ ಮಧ್ಯಾಹ್ನ ಮ್ಯಾಚ್ ಇದೆ ಅಂತ ಲೀಶಾ ನನಗೆ ಮೆಸೇಜ್ ಮಾಡಿದಾಳೆ. ಬೇಡ ಅಂದ್ರೆ ಈಗ್ಲೇ ಹೇಳು, ತಂಗಿ ಮನೇಲಿ ಬಿಟ್ಟು ನಾನೊಬ್ಬನೇ ಹೋಗ್ತೀನಿ" ಎಂದ. ಲಾನ್ಸಿ ಕಿಟಕಿಯಾಚೆ ನೋಡಿದ. ಬೇಡ ಎನ್ನಲಿಲ್ಲ.

ಮೈದಾನ ಎಂದರೆ ದೊಡ್ಡ ಸ್ಟೇಡಿಯಂ ಏನಲ್ಲ. ಸಬರ್ಬಿನ ಹೊರಗಿನ ಬಯಲು, ಸುತ್ತ ಹಗ್ಗ, ಒಂದು ತಗಡಿನ ಶೆಡ್ಡು. ಬೆಳಿಗ್ಗೆ ಮಳೆ ಬಂದು ಹುಲ್ಲೆಲ್ಲ ಒದ್ದೆ. ಶೆಡ್ಡಿನ ಮುಂದೆ ಮೇಜು ಹಾಕಿಕೊಂಡು ಏಪ್ರನ್ ಕಟ್ಟಿದ ಹೆಂಗಸೊಬ್ಬಳು ಆಡುವವರ ಮನೆಯವರಿಗೆ ಟೀ ಕೊಡುತ್ತಿದ್ದಳು. "ಎಂತ ಚಳಿ ಮಾರಾಯ" ಎಂದು ಲಾನ್ಸಿ ತನ್ನಷ್ಟಕ್ಕೆ ಅಂದದ್ದು ಅವಳ ಕಿವಿಗೆ ಬಿತ್ತು.

"ಅಂಕಲ್, ಕನ್ನಡದೋರಾ? ಮಂಗ್ಳೂರ್ ಕಡೆ ಅನ್ಸತ್ತೆ" ಎಂದು ಅವಳ ಮುಖ ಅರಳಿತು. "ನಾನು ಮಾಧುರಿ. ಬೆಂಗ್ಳೂರು, ವಿಜಯನಗರ. ನನ್ನ ಮಗಳು ಆದ್ಯಾ ಈ ಟೀಮಲ್ಲೇ ಇದಾಳೆ. ನಿಮ್ಮೋರು ಯಾರು ಆಡ್ತಿರೋದು? ನಂಬರ್ ಹೇಳಿ, ನಾನೂ ಕೂಗ್ತೀನಿ. ಇಲ್ಲಿ ನಾವು ಎಲ್ಲರ ಮಕ್ಕಳಿಗೂ ಚಿಯರ್ ಮಾಡೋದು."

ಲಾನ್ಸಿ ಟೀ ಕಪ್ಪನ್ನು ಕೈಗೆತ್ತಿಕೊಂಡ. "ನಮ್ಮವರು ಯಾರೂ ಇಲ್ಲ" ಎಂದ. "ಫ್ರೆಂಡ್ ಜೊತೆ ಸುಮ್ಮನೆ ಬಂದದ್ದು."

ಹೇಳಿದವನೇ ಕಪ್ ಹಿಡಿದು ಹಗ್ಗದ ಬಳಿಗೆ ಸರಿದ. ಹಗ್ಗದಾಚೆ ಹುಡುಗಿಯರು ಓಡಾಡುತ್ತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಹೆಲ್ಮೆಟ್, ಮುಖಕ್ಕೆ ಕಬ್ಬಿಣದ ಜಾಲರಿ, ಭುಜಕ್ಕೆ ದಪ್ಪ ಪ್ಯಾಡು. ಹೆತ್ತ ಮಗಳನ್ನು ಸಾವಿರ ಜನರ ನಡುವೆ ಗುರುತಿಸುತ್ತೇನೆ ಎಂದುಕೊಂಡಿದ್ದವನಿಗೆ ಇಷ್ಟು ಮಂದಿಯಲ್ಲಿ ಯಾರು ಅವಳೆಂದು ತಿಳಿಯಲಿಲ್ಲ. ಕೀತ್‌ನನ್ನು ಕೇಳಲು ನಾಚಿಕೆ.

ಆಟ ಶುರುವಾಯಿತು. ಕೀತ್ ತಗ್ಗಿದ ದನಿಯಲ್ಲಿ ವಿವರಿಸುತ್ತ ಹೋದ. ಬಾಲನ್ನೇ ಮುಟ್ಟದೆ ಬಾಲು ಹಿಡಿದ ತಮ್ಮವಳನ್ನು ಎದುರಾಳಿಗಳಿಂದ ಕಾಯುವುದೇ ಕೆಲವರ ಕೆಲಸ, ಲೀಶಾ ಅಂಥವರಲ್ಲಿ ಒಬ್ಬಳು ಎಂದ. ಮತ್ತೆ ಕಾಯುವ ಕೆಲಸವೇ ಎಂದು ಲಾನ್ಸಿಗೆ ಅನಿಸಿತು. ಆಟ ಅವನಿಗೆ ಹಿಡಿಸಲಿಲ್ಲ. ಓಡಿ, ಡಿಕ್ಕಿ ಹೊಡೆದು, ನಿಂತು, ಮತ್ತೆ ಗುಂಪು ಕಟ್ಟಿ ಗುಸುಗುಸು. ಆದರೂ ಕಣ್ಣು ತೆಗೆಯಲಾಗಲಿಲ್ಲ.

ಆಮೇಲೆ ಒಂದು ಡಿಕ್ಕಿಯಲ್ಲಿ ಐದಾರು ಮಂದಿ ಒಟ್ಟಿಗೆ ಬಿದ್ದರು. ಒಬ್ಬೊಬ್ಬರಾಗಿ ಎದ್ದರು. ಒಬ್ಬಳು ಏಳಲಿಲ್ಲ.

ವಿಶಲ್ ಕೇಳಿತು. ಮೈದಾನದಲ್ಲಿದ್ದ ಹುಡುಗಿಯರೆಲ್ಲ, ಎರಡೂ ತಂಡದವರು, ಇದ್ದಲ್ಲೇ ಒಂದು ಮಂಡಿಯೂರಿ ಕುಳಿತರು. ಹೊರಗೆ ನಿಂತಿದ್ದವರೂ ಕುಳಿತರು. ಯಾರೂ ಮಾತಾಡಲಿಲ್ಲ. ದೂರದ ಫ್ರೀವೇಯ ಸದ್ದಷ್ಟೇ ಉಳಿಯಿತು.

ಲಾನ್ಸಿ ಇಂಥದ್ದನ್ನು ನೋಡಿದ್ದು ಒಮ್ಮೆ ಮಾತ್ರ. ಜೆಪ್ಪುವಿನ ಮನೆಯಲ್ಲಿ ತಾಯಿ ಕೊನೆಯುಸಿರು ಎಳೆಯುವಾಗ ವಾಡೆಯ ನೆರೆಹೊರೆಯವರೆಲ್ಲ ಮಂಚದ ಸುತ್ತ ಹೀಗೆಯೇ ಸದ್ದಿಲ್ಲದೆ ಮಂಡಿಯೂರಿದ್ದರು. ಅವನ ಜನರಲ್ಲಿ ಇಷ್ಟು ಮಂದಿ ಒಟ್ಟಿಗೆ ಮೌನವಾಗಿ ಮಂಡಿಯೂರಿದರೆ ಅರ್ಥ ಒಂದೇ. ಹುಡುಗಿ ಹೋದಳು ಎಂದುಕೊಂಡ. ಒದ್ದೆ ಹುಲ್ಲಿನಲ್ಲಿ ಎರಡೂ ಮಂಡಿ ಊರಿ, ಶಿಲುಬೆಯ ಗುರುತು ಹಾಕಿಕೊಂಡು ಮಾತೆ ಮರಿಯಳ 'ನಮಾನ್ ಮರಿಯೆ' ಪ್ರಾರ್ಥನೆ ಶುರುಮಾಡಿದ. ಅರ್ಧದಲ್ಲಿ ನಿಲ್ಲಿಸಿದ. ಬಿದ್ದವಳು ಯಾರು?

"ಕೀತ್, ಲೀಶಾ ಯಾವುದು?"

ಕೀತ್ ಅವನ ಕಡೆ ತಿರುಗಿದ. "ನಿನಗೆ ಅವಳ ನಂಬರ್ ಗೊತ್ತಿಲ್ವಾ?" ಚುಚ್ಚಲು ಕೇಳಿದ್ದಲ್ಲ, ಅವನಿಗೆ ನಿಜವಾಗಿ ನಂಬಲಾಗಲಿಲ್ಲ. "ಅರವತ್ತಮೂರು. ನೋಡು, ಎಡಗಡೆ ತುದಿಯಲ್ಲಿ ಮಂಡಿಯೂರಿದಾಳೆ."

ಅಲ್ಲಿದ್ದಳು. ಜೀವ ಬಂದ ಹಾಗಾಯಿತು. ಆ ಕ್ಷಣದಲ್ಲೇ ಶೆಡ್ಡಿನ ಕಡೆಯಿಂದ ಮಾಧುರಿ ಏಪ್ರನ್ನಿನಲ್ಲೇ ಜಾರುತ್ತ ಎಡವುತ್ತ ಮೈದಾನದೊಳಗೆ ಓಡುವುದು ಕಂಡಿತು. ಬಿದ್ದವಳು ಆದ್ಯಾ. ಇನ್ನೊಬ್ಬಳ ಮಗಳು ನೆಲದ ಮೇಲಿರುವಾಗ ತನ್ನ ಹೊಟ್ಟೆ ತಣ್ಣಗಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ನಿಲ್ಲಿಸಿದ್ದ ಪ್ರಾರ್ಥನೆಯನ್ನು ಮತ್ತೆ ಮೊದಲಿಂದ ಹೇಳಿದ, ಈ ಸಲ ಆದ್ಯಾಳಿಗಾಗಿ.

ಸ್ವಲ್ಪ ಹೊತ್ತಿಗೆ ಆದ್ಯಾ ಇಬ್ಬರ ಆಸರೆಯಲ್ಲಿ ಎದ್ದು ನಿಂತಳು. ಭುಜ ಜಾರಿತ್ತು, ಬೇರೇನಿಲ್ಲ. ಎರಡೂ ತಂಡದವರು ಚಪ್ಪಾಳೆ ತಟ್ಟುತ್ತ ಎದ್ದರು.

"ಯಾರೂ ಸತ್ತಿಲ್ಲ ಲ್ಯಾನ್ಸ್, ಏಳು" ಎಂದ ಕೀತ್. "ಇದು ಇವರ ಪದ್ಧತಿ. ಒಬ್ಬರು ಬಿದ್ರೆ ಅವರು ಏಳೋ ತನಕ ಎಲ್ಲರೂ ಹೀಗೆ ಕೂರ್ತಾರೆ. ಎದುರು ತಂಡದೋರು ಕೂಡ."

ಲಾನ್ಸಿ ಏಳಲಿಲ್ಲ. ಪೆನ್ರಿತ್‌ನ ಮೈದಾನ, ಚೀರುತ್ತಿದ್ದ ಹುಡುಗಿ, ಅವಳ ಪಕ್ಕ ಕುಳಿತ ತನ್ನ ಮಗಳು, ಉರುಳುತ್ತ ಹೋದ ಬಾಲು, ಎಲ್ಲ ಕಣ್ಣ ಮುಂದೆ ಬಂತು. ಕಾರಿನಲ್ಲಿ ತಾನು ಆಡಿದ ಮಾತೂ ಬಂತು. ಅವನು ಹುಲ್ಲಿನ ಮೇಲೆ ಕುಳಿತು ಅತ್ತ. ಕೀತ್ ಬೇರೆ ಕಡೆ ನೋಡುತ್ತ ಅವನ ಹೆಗಲ ಮೇಲೆ ಕೈಯಿಟ್ಟು ನಿಂತ.

ಪಂದ್ಯ ಯಾರು ಗೆದ್ದರೆಂದು ಲಾನ್ಸಿ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ಅರವತ್ತಮೂರು ನಂಬರಿನವಳು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ಅವರತ್ತ ಬಂದಳು. ಹತ್ತಿರ ಬರುತ್ತಾ ನಡಿಗೆ ನಿಧಾನವಾಯಿತು. ಕೀತ್ ವ್ಯಾನಿನ ಟೈರು ನೋಡುವ ನೆಪದಲ್ಲಿ ಆ ಕಡೆ ಹೋದ. ಅಪ್ಪನ ಪ್ಯಾಂಟಿನ ಮಂಡಿಗಳಲ್ಲಿ ಕೆಸರು ಮೆತ್ತಿದ್ದನ್ನು ಲೀಶಾ ನೋಡಿದಳು.

"ವಾಟ್ ಹ್ಯಾಪನ್ಡ್, ಪಪ್ಪ? ಡಿಡ್ ಯೂ ಫಾಲ್?"

"ಇಲ್ಲ. ನೀವೆಲ್ಲ ಮಂಡಿಯೂರಿದ್ದು ಕಂಡು ಯಾರೋ ತೀರಿಕೊಂಡದ್ದು ಅಂತ ಪ್ರಾರ್ಥನೆಗೆ ಕೂತೆ." ಅವನು ಉಳಿದದ್ದನ್ನೂ ಹೇಳಿದ. "ನೀನು ಯಾವುದು ಅಂತ ನನಗೆ ಗೊತ್ತಾಗಲಿಲ್ಲ ಮಗಳೇ. ಬಿದ್ದದ್ದು ನೀನೇ ಅಂತ ಹೆದರಿದೆ."

ಅವಳಿಗೆ ನಗು ಬಂತು, ನಡುವೆಯೇ ನಿಂತಿತು.

"ಅವತ್ತು ಪೆನ್ರಿತ್‌ನಲ್ಲಿ ನೀನು ಮಾಡಿದ್ದೇ ಸರಿ. ಕಾರಿನಲ್ಲಿ ನಾನು ಹೇಳಿದ್ದು ತಪ್ಪು" ಎಂದ ಲಾನ್ಸಿ. "ಒಂಬತ್ತು ವರ್ಷ ಬೇಕಾಯ್ತು ನನಗೆ."

ಫೋನಿನಲ್ಲಿ ಅವನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಲೀಶಾ ಈ ಸಲ ಮನೆಮಾತಿನಲ್ಲಿ ಹೇಳಿದಳು: "ಇಲ್ಲಿ ಯಾರಾದ್ರೂ ಬಿದ್ರೆ ಎಲ್ಲರೂ ನಿಲ್ತಾರೆ ಪಪ್ಪ." ಆಮೇಲೆ, "ಇದನ್ನ ಸ್ವಲ್ಪ ಹಿಡ್ಕೊಳ್ಳಿ, ಆದ್ಯಾ ಭುಜ ನೋಡಿ ಬರ್ತೇನೆ" ಎಂದು ಹೆಲ್ಮೆಟನ್ನು ಅವನ ಕೈಗೆ ಕೊಟ್ಟು ಶೆಡ್ಡಿನ ಕಡೆ ಓಡಿದಳು.

ಹೆಲ್ಮೆಟ್ ಎಣಿಸಿದ್ದಕ್ಕಿಂತ ಭಾರವಿತ್ತು. ಒಳಗಿನ ಮೆತ್ತೆ ಮಗಳ ಬೆವರಿನಿಂದ ಇನ್ನೂ ಬೆಚ್ಚಗಿತ್ತು. ಅದನ್ನು ಎದೆಗೆ ಒತ್ತಿಕೊಂಡು ಲಾನ್ಸಿ ಟೀ ಮೇಜಿನ ಬಳಿಗೆ ನಡೆದ. ಮಾಧುರಿ ಮಗಳ ಭುಜಕ್ಕೆಂದು ಐಸ್ ತುಂಡುಗಳನ್ನು ಟವೆಲಿಗೆ ಸುರಿಯುತ್ತಿದ್ದಳು. ತುಂಡುಗಳು ಟವೆಲಿನಿಂದ ಹೊರಗೆ ಬೀಳುತ್ತಿದ್ದವು. ಅವನು ಟವೆಲಿನ ಇನ್ನೊಂದು ತುದಿಯನ್ನು ಹಿಡಿದುಕೊಂಡ.

"ಆಗ ನಾನು ಸುಳ್ಳು ಹೇಳಿದ್ದಮ್ಮ" ಎಂದ. "ಅರವತ್ತಮೂರು ನನ್ನ ಮಗಳು."

ಮಾಧುರಿ ತಲೆಯೆತ್ತಿ ಅವನನ್ನೂ ಹೆಲ್ಮೆಟನ್ನೂ ನೋಡಿದಳು. "ನಮ್ಮ ಲೀಶಾ ಅಪ್ಪನಾ ನೀವು?" ಎಂದಳು. ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ, ಬರೀ ಆಶ್ಚರ್ಯ. "ಪ್ರತಿ ಮ್ಯಾಚಿಗೂ ಅವಳಿಗೂ ಸೇರಿಸಿ ನಾನೇ ಕೂಗ್ತಿದ್ದೆ. ಇಷ್ಟು ವರ್ಷ ಎಲ್ಲಿದ್ರಿ ಅಂಕಲ್?"

"ಟೂಂಗಾಬಿಯಲ್ಲಿ" ಎಂದ ಲಾನ್ಸಿ. ಹೆಲ್ಮೆಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಐಸಿನ ಟವೆಲನ್ನು ಕಟ್ಟಿದ.