ಚಿಗವ್ವ ಹೇಳಿದ ಹೆಸರು

ಮೊನ್ನೆ ಮನೆಗೆ ಹೊಸ ರೌಟರ್ ತಂದು ಜೋಡಿಸುತ್ತಿದ್ದೆ. ಕಂಪ್ಯೂಟರಿನ ಸೆಟ್ಟಿಂಗ್ಸಿನಲ್ಲಿ ಡಿಎನ್‌ಎಸ್ ಎಂಬ ಖಾಲಿ ಚೌಕ ಕಂಡಿತು. ನಾವು ಬರೆಯುವ ಹೆಸರಿಗೆ ಸರಿಯಾದ ಅಂಕಿಯ ವಿಳಾಸ ಹುಡುಕಿಕೊಡುವ ಸರ್ವರ್ ಯಾವುದೆಂದು ಅಲ್ಲಿ ತುಂಬಬೇಕು. ಬೆರಳು ಅಲ್ಲಿಯೇ ನಿಂತಿತು. ಪಕ್ಕದ ಮನೆಯ ಚಿಗವ್ವ ನನ್ನ ಕುರ್ಚಿಯ ಹಿಂದೆ ನಿಂತು ಸೆರಗು ಹಿಂಡುತ್ತಿದ್ದುದು ನೆನಪಾಯಿತು...

ಗಜೇಂದ್ರಗಡದ ನಮ್ಮ ಓಣಿಗೆ ಅವರು ಬಾಡಿಗೆಗೆ ಬಂದವರು. ಗಂಡ ಹೆಂಡತಿ ಇಬ್ಬರೇ. ಮುಂದಿನ ಕೋಣೆಯಲ್ಲಿ ಕೈಮಗ್ಗ. ಗಂಡನನ್ನು ನಾವೆಲ್ಲ ಮಗ್ಗದ ಕಾಕಾ ಎಂದೇ ಕರೆಯುತ್ತಿದ್ದೆವು. ಅದರಾಚೆಯ ಹೆಸರನ್ನು ಯಾರೂ ಕೇಳಿರಲಿಲ್ಲ. ಚಿಗವ್ವನಂತೂ ಅದನ್ನು ಬಾಯಿಂದ ಆಡಿದವಳಲ್ಲ. ಆಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತವರಿನಲ್ಲಿ ಹೇಳಿ ಕಳಿಸಿದ್ದರಂತೆ. ಸೀಮಂತದ ಕುಬಸ ನಡೆಯುವ ಮನೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಒಡಪಿನ ಪದದಲ್ಲಿ ಕಟ್ಟಿ ಹೇಳೆಂದು ಕಾಡಿದರೆ, "ಹೆಸರ ಹಿಡದ ಕರ್ಯಾಕ ಅವ್ರೇನ ಕಳದ ಹೋಗ್ಯಾರೇನ? ಮಗ್ಗದ ಮುಂದ ಕುಂತಾರ, ಹೋಗಿ ನೋಡ್ರಿ," ಎಂದು ನಗಿಸಿಬಿಡುತ್ತಿದ್ದಳು.

ಸಾಂಕ್ರಾಮಿಕದ ಆ ಬೇಸಿಗೆಯಲ್ಲಿ ಕಾಕಾನಿಗೆ ಉಸಿರಾಟ ಕಷ್ಟವಾಯಿತು. ಆಂಬುಲೆನ್ಸಿನವರು ಅವರೊಬ್ಬರನ್ನೇ ಒಯ್ದರು; ಆಧಾರ್ ಕಾರ್ಡೂ ಅವರ ಕಿಸೆಯಲ್ಲೇ ಹೋಯಿತು. ಗದಗಿಗೋ, ಹುಬ್ಬಳ್ಳಿಗೋ... ಯಾವ ದವಾಖಾನೆ ಎಂಬುದೇ ತಿಳಿಯಲಿಲ್ಲ. ಕಡೆಗೆ ಸಹಾಯವಾಣಿಯಲ್ಲಿ ಫೋನ್ ಎತ್ತಿದ ಒಬ್ಬರು, ದವಾಖಾನೆಗಳಲ್ಲಿ ಸೇರಿದವರ ಪಟ್ಟಿಯಿರುವ ವೆಬ್‌ಸೈಟಿನಲ್ಲಿ ರೋಗಿಯ ಹೆಸರು ಹಾಕಿ ನೋಡಿ ಎಂದರು.

ಮೊಬೈಲಿನಲ್ಲಿ ಆ ಪುಟ ಅರ್ಧಕ್ಕೇ ನಿಲ್ಲುತ್ತಿತ್ತು. ಕಂಪ್ಯೂಟರಿನಲ್ಲಿ ಯಾವ ಪುಟವೂ ತೆರೆಯಲಿಲ್ಲ. ರೌಟರಿನ ದೀಪ ಹಸಿರಾಗಿತ್ತು, ನೆಟ್ ಇತ್ತು. ಆದರೂ ಪ್ರತಿ ಸಲ, ಈ ಹೆಸರಿನ ವಿಳಾಸ ಸಿಗುತ್ತಿಲ್ಲ ಎಂಬ ಸಾಲೇ ಬರುತ್ತಿತ್ತು.

"ಏನಂತೈತಿ ತಮ್ಮಾ? ಅವ್ರ ಇಲ್ಲಂತಾ?"

"ಕಾಕಾನ ಸುದ್ದಿ ಅಲ್ಲ ಚಿಗವ್ವಾ. ಇದಕ್ಕ ಅಲ್ಲಿಗೆ ಹೋಗೋ ದಾರೀನ ಗೊತ್ತಾಗವಲ್ದು."

ತಾನಾಗಿ ಬಂದಿದ್ದ ಡಿಎನ್‌ಎಸ್ ತೆಗೆದು ಬೇರೆ ಸರ್ವರಿನ ಅಂಕಿಗಳನ್ನು ಒಂದೊಂದಾಗಿ ಒತ್ತಿದೆ. ಒಂದು ಅಂಕಿ ತಪ್ಪಿತು. ಅಳಿಸಿ ಮತ್ತೆ ಒತ್ತಿದೆ. ಪುಟ ತೆರೆಯಿತು. ರೋಗಿಯ ಹೆಸರು ಎಂಬ ಚೌಕದಲ್ಲಿ ಸಣ್ಣ ಗೆರೆ ಮಿನುಗುತ್ತಿತ್ತು.

"ಕಾಕಾನ ಹೆಸರ ಹೇಳ ಚಿಗವ್ವಾ."

ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿದಳು. "ನಾ ಹ್ಯಾಂಗ ಹೇಳ್ಲೋ ಯಪ್ಪಾ... ಅವ್ರ ಹಿಂಗಿದ್ದಾಗ?" ಎಂದಳು. ಕೊನೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಹೇಳಿದಳು. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಕಾಕಾ ಹುಬ್ಬಳ್ಳಿಯಲ್ಲಿದ್ದರು. ಸ್ಥಿತಿ ಗಂಭೀರ ಎಂದಿತ್ತು. ಗಾಡಿ ಹುಡುಕಿ ಅವಳನ್ನು ಹೊರಡಿಸುವ ಮೊದಲೇ ಅಲ್ಲಿಂದ ಸುದ್ದಿ ಬಂತು...

ತಾನು ಹೆಸರು ಹೇಳಿದ್ದಕ್ಕೇ ಹೋದರು ಎಂದು ಚಿಗವ್ವ ನಂಬಿದಳು. ಹಾಗಲ್ಲ ಎಂದು ನಾನು, ನಮ್ಮವ್ವ, ಓಣಿಯವರು ಎಷ್ಟು ಹೇಳಿದರೂ ತಲೆ ಅಲ್ಲಾಡಿಸುತ್ತಿದ್ದಳು.

ದಿನಕರ್ಮ ಮುಗಿದ ಮೇಲೆ ಒಂದು ಮಧ್ಯಾಹ್ನ ಬಂದು ಅದೇ ಜಾಗದಲ್ಲಿ ನಿಂತಳು. "ಇನ್ನೊಮ್ಮಿ ಹಾಕಿ ನೋಡ ತಮ್ಮಾ. ಈಗ ಹೇಳಾಕ ಅಂಜಿಕಿಲ್ಲ," ಎಂದು ಹೆಸರನ್ನು ಬಿಡಿಬಿಡಿಯಾಗಿ, ಗಟ್ಟಿಯಾಗಿ ಹೇಳಿದಳು. ಬೇಡವೆನ್ನಲಾಗದೆ ಹಾಕಿದೆ. ಆ ಹೆಸರಿನ ರೋಗಿ ಇಲ್ಲ ಎಂದು ಬಂತು. ಓದಿ ಹೇಳಿದೆ.

"ಹೌದ," ಎಂದು ಹೊರಟುಹೋದಳು.

ಈಗ ಚಿಗವ್ವನೂ ಇಲ್ಲ. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಅವಳ ಬಾಯಿಂದ ಆ ಹೆಸರು ಕೇಳಿದವನು ನಾನೊಬ್ಬನೇ. ಇಲ್ಲಿ ಅದನ್ನು ಬರೆಯಲು ಎರಡು ಸಲ ಹೊರಟೆ... ಆಗಲಿಲ್ಲ.