ನೆಲ ಮುಟ್ಟದ ಡಬ್ಬಿ

ಬೆಳಗಿನ ಐದೂವರೆಗೆ ಸಿಂಧನೂರು ನಿಲ್ದಾಣದಲ್ಲಿ ಲಿಂಗಸುಗೂರು ಬಸ್ಸು ಒಮ್ಮೆ ಕೆಮ್ಮಿದರೆ ಸಾಕು, ಅತ್ತ ಮುದಗಲ್ ಕೋಟೆಯ ಬುರುಜಿನ ಪಾರಿವಾಳಗಳು ಎದ್ದು ಕೂರುತ್ತವೆ. ನಂಬದವರು ಬಂದು ಕೇಳಿಸಿಕೊಳ್ಳಬಹುದು. ಆ ಬಸ್ಸಿನ ಮೂರನೇ ಸೀಟಿನಲ್ಲಿ, ಕಿಟಕಿಯ ಪಕ್ಕ, ತೊಡೆಯ ಮೇಲೆ ಅಲ್ಯೂಮಿನಿಯಂ ಊಟದ ಡಬ್ಬಿ ಇಟ್ಟುಕೊಂಡು ಕೂತವರು ತಾಯಪ್ಪ. ಡಬ್ಬಿಯಲ್ಲಿ ರೊಟ್ಟಿಯಿಲ್ಲ, ಅಂಗೈಯಗಲದ ನಾಲ್ಕು ಕರಿ ಫ್ಲಾಪಿಗಳಿವೆ. ಸೊಳ್ಳೆ ಕಚ್ಚಿದರೂ ಅವರು ಡಬ್ಬಿಯ ಮೇಲಿಂದ ಕೈ ತೆಗೆಯುವುದಿಲ್ಲ.

ರೈತರು ಬೀಜ ತಂದಿಡುವ ಸಿಂಧನೂರಿನ ಗೋದಾಮೊಂದಕ್ಕೆ 1992ರಲ್ಲಿ ಕಂಪ್ಯೂಟರ್ ಬಂತು. ಹೊಸ ಚೀಲಗಳ ಮೇಲೆ ಹೆಸರು ಬರೆಯುವುದು ನಿಂತು, ಬರೀ ನಂಬರು ಉಳಿಯಿತು. ಯಾವ ನಂಬರು ಯಾರದು, ಯಾವ ಅಟ್ಟಿಯಲ್ಲಿದೆ ಎಂಬುದು ಆ ಯಂತ್ರಕ್ಕಷ್ಟೇ ಗೊತ್ತು. ಅದು ಕೆಟ್ಟರೆ ಸಾವಿರಾರು ಚೀಲಗಳು ತಬ್ಬಲಿ. ಅದಕ್ಕೇ ಫ್ಲಾಪಿಗೆ ಇಳಿಸಿದ ಪ್ರತಿದಿನದ ಪಟ್ಟಿಯ ನಕಲು ಲಿಂಗಸುಗೂರಿನ ಶಾಖೆಯ ಬೀರುವಿನಲ್ಲಿ ಇರಬೇಕೆಂದು ಮಾಲೀಕರು ಗೊತ್ತುಮಾಡಿದರು. ಹಮಾಲಿ ಮಾಡಿ ಭುಜ ಕಳೆದುಕೊಂಡಿದ್ದ ತಾಯಪ್ಪನವರಿಗೆ ಡಬ್ಬಿ ಸಿಕ್ಕಿತು. ಭಾನುವಾರ ಬಿಟ್ಟು ದಿನಾ ಹೋಗಿಬರುವುದು, ಹೊಸದು ಕೊಟ್ಟು ಹಳೆಯದು ತರುವುದು. ಈ ಆರು ವರ್ಷಗಳಲ್ಲಿ ಅವರು ಚಂದ್ರನ ಅರ್ಧ ದಾರಿ ಸವೆಸಿದ್ದಾರೆ. ನಾನು ಹೇಳುವುದರಲ್ಲಿ ಇದೊಂದನ್ನು ಮಾತ್ರ ಯಾರು ಬೇಕಾದರೂ ಗುಣಿಸಿ ನೋಡಬಹುದು.

ನಡುದಾರಿಯ ಮಸ್ಕಿಯಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತದೆ. ನಿಲ್ದಾಣದ ಎದುರಿನ ಪೀರ್‌ಸಾಬ್‌ನ ಹೋಟೆಲ್ಲಿನ ಚಹಾಕ್ಕೆ ಸತ್ತವನೂ ಎದ್ದು ಇನ್ನೊಂದು ಕಪ್ಪು ಕೇಳಬೇಕು, ಅಂಥ ಖಡಕ್ಕು. ಡಬ್ಬಿ ಕಂಡಾಗಲೆಲ್ಲ ಪೀರ್‌ಸಾಬ್ ಕೆಣಕುತ್ತಿದ್ದ: "ಏ ತಾಯಪ್ಪ, ಅದರಾಗ ರೊಟ್ಟಿ ಐತೋ, ಮಾಲಕನ ಮಗಳ ಜಾತಕ ಐತೋ?" ಒಂದು ದಸರೆಗೆ ಪೀರ್‌ಸಾಬ್ ಕ್ಯಾಸೆಟ್ಟಿನ ಹಾಡಿಗೆಂದು ಆಳೆತ್ತರದ ಸ್ಪೀಕರ್ ತಂದ. ತಾಯಪ್ಪ ಅಂದಿನಿಂದ ಚಹಾ ಕುಡಿಯುವಷ್ಟು ಹೊತ್ತು ಡಬ್ಬಿಯನ್ನು ಅದರ ನೆತ್ತಿಯ ಮೇಲಿಟ್ಟರು. ಹೋಟೆಲ್ಲಿನಲ್ಲಿ ಅದಕ್ಕಿಂತ ಎತ್ತರದ ಜಾಗವಿರಲಿಲ್ಲ.

"ಬೀಜ ಬರೀ ನೆಲಕ್ಕ ಇಡಬಾರ್ದು, ಮಂದಿ ಕಾಲು ತಾಕಬಾರ್ದು ಅಂತ ನಮ್ಮವ್ವ ಕಲಿಸ್ಯಾಳ್ರಿ," ಎನ್ನುತ್ತಾರೆ ತಾಯಪ್ಪ. "ಡಬ್ಬ್ಯಾಗ ಬೀಜದ ಹೆಸರು ಅದಾವ. ಹೆಸರಿಗೂ ಅಷ್ಟ ಮರ್ಯಾದಿ ಕೊಡಬೇಕು ಅನಕೊಂಡೆ."

ಹೋದ ವರ್ಷ ಬಿತ್ತನೆಗೆ ಹದಿನೈದು ದಿನ ಇರುವಾಗ ಸಿಂಧನೂರಿಗೆ ಸಿಡಿಲು ಬಡಿಯಿತು. ಊರಿನ ಅರ್ಧ ನಾಯಿಗಳು ಇಂದಿಗೂ ಬೊಗಳುವುದನ್ನು ಮರೆತಿವೆ. ಗೋದಾಮಿನ ಕಂಪ್ಯೂಟರ್ ಸುಟ್ಟು ಕರಕಲಾಯಿತು. ಎಲ್ಲರೂ ಲಿಂಗಸುಗೂರಿಗೆ ಓಡಿ ಬೀರು ತೆರೆದರೆ, ಒಂದು ಫ್ಲಾಪಿಯಲ್ಲೂ ಒಂದು ಹೆಸರೂ ಉಳಿದಿರಲಿಲ್ಲ. ರಾಯಚೂರಿನಿಂದ ಬಂದ ರಿಪೇರಿಯವನು ಡಬ್ಬಿ ಎಲ್ಲೆಲ್ಲಿ ಕೂತೆದ್ದಿತ್ತೆಂದು ವಿಚಾರಿಸುತ್ತ ಮಸ್ಕಿಗೆ ಬಂದ. ಒಂದು ಪಿನ್ನು ತೆಗೆದು ಸ್ಪೀಕರಿಗೆ ಹಿಡಿದ. ಪಿನ್ನು ಟಪ್ಪನೆ ಅಂಟಿಕೊಂಡಿತು. ಒಳಗಿನ ಅಯಸ್ಕಾಂತ ದಿನಾ ಇಪ್ಪತ್ತು ನಿಮಿಷದಂತೆ ಎಲ್ಲವನ್ನೂ ಅಳಿಸಿತ್ತು. ಅಷ್ಟು ಕಾಲ ಆ ಫ್ಲಾಪಿಗಳನ್ನು ಹಾಕಿ ನೋಡಬೇಕೆಂದು ಎರಡೂ ಊರುಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹೆಚ್ಚಿನ ರೈತರದು ಒಂದೇ ತಳಿ. ಯಾರ ಚೀಲ ಯಾರು ಒಯ್ದರೂ ನಡೆಯಿತು. ನಡೆಯದೆ ಉಳಿದವಳು ಸಾಲಗುಂದದ ಗ್ಯಾನಮ್ಮ ಒಬ್ಬಳೇ. ಅವಳದು ಒಂದೇ ಚೀಲ, ಅವಳ ಅವ್ವನ ಕಾಲದ ಭತ್ತ. ಕಾಲುವೆ ನೀರು ನಿಂತು ಉಪ್ಪೇರಿ ಸವುಳಾದ ಅವಳ ಅರ್ಧ ಎಕರೆಯಲ್ಲಿ ಅದೊಂದೇ ಏಳುವುದು. ಮನೆಯಲ್ಲಿಟ್ಟರೆ ಇಲಿ ತಿನ್ನುತ್ತದೆಂದು ಬೀಜವನ್ನೆಲ್ಲ ಗೋದಾಮಿಗೆ ಕೊಟ್ಟಿದ್ದಳು. ನಂಬರಿಲ್ಲದ, ಬರೀ ಹೆಸರಿದ್ದ ಚೀಟಿ ಹಿಡಿದು ಬಂದವಳು ಯಾರನ್ನೂ ಬೈಯಲಿಲ್ಲ. ತಾಯಪ್ಪನವರನ್ನು ಒಂದು ಮಾತು ಕೇಳಿದಳು.

"ದಿನಾ ಹೊತ್ತೊಯ್ತಿದ್ದೆಲ್ಲೋ ತಮ್ಮಾ, ಅದರಾಗ ನನ್ನ ಹೆಸರು ಇತ್ತೋ ಇಲ್ಲೋ?"

ಗ್ಯಾನಮ್ಮನ ಅರ್ಧ ಎಕರೆ ಹೋದ ವರ್ಷ ಬೀಳುಬಿತ್ತು. ಪೀರ್‌ಸಾಬ್ ಸ್ಪೀಕರನ್ನು ಹಿತ್ತಲಿಗೆ ಹಾಕಿದ್ದಾನೆ, ಹೋಟೆಲ್ಲಿನಲ್ಲಿ ಹಾಡಿಲ್ಲ. ತಾಯಪ್ಪ ಮಸ್ಕಿಯಲ್ಲಿ ಇಳಿಯುವುದನ್ನೇ ಬಿಟ್ಟಿದ್ದಾರೆ. ಪೀರ್‌ಸಾಬ್ ಕಿಟಕಿಗೆ ಚಹಾ ತಂದರೂ ಮುಖ ತಿರುಗಿಸುತ್ತಾರೆ.

ಲಿಂಗಸುಗೂರಿನ ಶಾಖೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶೇಖಮ್ಮ ಈಗ ನಾಲ್ಕೂ ಫ್ಲಾಪಿಗಳನ್ನು ತಾಯಪ್ಪನವರ ಎದುರಿಗೇ ತೆರೆಯುತ್ತಾಳೆ. ಒಂದು ಹೆಸರನ್ನು ಅವಳು ಗಟ್ಟಿಯಾಗಿ ಓದುವವರೆಗೆ ಇವರು ಕದಲುವುದಿಲ್ಲ. ನಾನು ಹೋದ ದಿನವೂ ಓದಿದಳು: "ಗ್ಯಾನಮ್ಮ, ಸಾಲಗುಂದ, ಒಂದು ಚೀಲ. ನಂಬರ್ ಖಾಲಿ ಐತ್ರಿ ಕಾಕಾ." ತಾಯಪ್ಪ ತಲೆಯಾಡಿಸಿ ಹಿಂದಿನ ದಿನದ ಫ್ಲಾಪಿಗಳನ್ನು ಡಬ್ಬಿಗೆ ಹಾಕಿಕೊಂಡರು.

ಮಧ್ಯಾಹ್ನ ಸಿಂಧನೂರಿಗೆ ಮರಳಿದರೆ ಅವರಿಗೆ ಇನ್ನೊಂದು ಕೆಲಸವಿದೆ. ಇದಕ್ಕೆ ಸಂಬಳವಿಲ್ಲ. ಯಾರದೆಂದು ತಿಳಿಯದ ಅರವತ್ತು ಚೀಲಗಳು ಗೋದಾಮಿನ ಮೂಲೆಯಲ್ಲಿ ಉಳಿದಿವೆ. ಬರುವ ತಿಂಗಳು ಮಾಲೀಕರು ಅವನ್ನು ಅಕ್ಕಿ ಮಾಡಿಸಲು ಮಿಲ್ಲಿಗೆ ಕಳಿಸುತ್ತಾರೆ. ಗ್ಯಾನಮ್ಮನ ಭತ್ತ ಕಾಳಿನಲ್ಲಿ ಗುರುತು ಸಿಗುವುದಿಲ್ಲ. ಸಸಿಯಾದಾಗ ಬುಡದಲ್ಲಿ ನೇರಳೆ ಗೆರೆ ಮೂಡಬೇಕು. ಹಾಗಾಗಿ ತಾಯಪ್ಪ ಪ್ರತಿ ಚೀಲದಿಂದ ಹಿಡಿ ಕಾಳು ತೆಗೆದು ಗೋಡೆ ಬದಿಯ ಒಡಕು ಮಡಕೆಗಳಲ್ಲಿ ಬಿತ್ತುತ್ತಾರೆ, ಮಾಲೀಕರು ಜಾಗ ಕೊಟ್ಟಷ್ಟೇ, ಒಮ್ಮೆಗೆ ಹನ್ನೆರಡು. ನಲವತ್ತೆಂಟು ಚೀಲ ಮುಗಿದಿವೆ. ಎಲ್ಲವೂ ಹಸಿರು. ಈಗಿರುವವು ಕೊನೆಯ ಹನ್ನೆರಡು.

ನಾನು ಒಂದೊಂದನ್ನೂ ಬಗ್ಗಿ ನೋಡಿದೆ. ಹನ್ನೊಂದರ ಬುಡ ಹಸಿರಾಗಿಯೇ ಇದೆ. ಹನ್ನೆರಡನೆಯ ಮಡಕೆಯಲ್ಲಿ ಇಪ್ಪತ್ತು ದಿನವಾದರೂ ಏನೂ ಎದ್ದಿಲ್ಲ. ಬೀಜ ಹಳೆಯದಾಯಿತು, ಕಾಳು ಸತ್ತಿರಬಹುದು. ಅದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತು. ಆದರೂ ಬೊಗಸೆಯಲ್ಲಿ ನೀರು ತಂದು ಮೊದಲು ಅದಕ್ಕೇ ಹಾಕಿದರು.

"ಒಂದ ಕಾಳರ ಮೊಳೀಬೇಕ್ರಿ," ಎಂದರು, ಡಬ್ಬಿಯನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡು. "ಮೊಳೀತಂದ್ರ ಆಕಿ ಹೆಸರಿನ ಮುಂದ ನಂಬರ್ ಬರಸ್ತೀನಿ. ಮರುದಿನ ಮಸ್ಕ್ಯಾಗ ಇಳದು, ಡಬ್ಬಿ ತೊಡಿಮ್ಯಾಲ ಇಟಗೊಂಡ, ಒಂದ್ ಚಾ ಕುಡೀತೀನಿ."